ಹೊಸ ಕುದುರೆ, ಬರಿ ಬೆನ್ನು, ದೂರದ ದಾರಿ

ಇವತ್ತು ಕುದುರೆಯ ವಿಚಾರ ಮಾತಾಡೋಣ. “ಮನಿಗೊಂದು ಮೋಟಾರು ಸೈಕಲ್ಲು ಬಂದೈತಿ, ಇನ್ನ ಕುದುರಿ ಮಾತು ಯಾಕ್ರಿ?” ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ಸರಿಯೇ. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಕುರಿಗಾರರನ್ನು ನೋಡಿರಿ. ಹಿಂಡು ಊರು ಬಿಟ್ಟು ಹೊರಟಿತೆಂದರೆ ಅದರ ಜೊತೆಗೆ ತಟ್ಟುಗಳೂ ಹೊರಡುತ್ತವೆ. ಗುಡಾರ, ಅಡುಗೆ ಪಾತ್ರೆ, ಕಂಬಳಿ, ನಡೆಯಲಾರದ ಎಳೆ ಮರಿ, ಎಲ್ಲವೂ ಅವುಗಳ ಬೆನ್ನ ಮೇಲೆ. ಗಾಡಿ ಇಳಿಯದ ಹಳ್ಳ, ಮಳೆಗಾಲದ ಎರೆ ಹೊಲ, ಕಲ್ಲುಗುಡ್ಡದ ಕಾಲುದಾರಿ, ಇಲ್ಲೆಲ್ಲ ಇಂದಿಗೂ ಕುದುರೆಯೇ ನಡೆಯಬೇಕು. ಹೊರೆ ಇಳಿಸಿದ ಮೇಲೆ ಅದೇ ಕುದುರೆಯ ಮೇಲೆ ಜೀನಿಲ್ಲದೆ ಕೂತು ಬುತ್ತಿ ತರಲು, ನೀರಿನ ನೆಲೆ ನೋಡಿಬರಲು ಹೋಗುವುದು ವಾಡಿಕೆ.

ನಮ್ಮ ದಖ್ಖನಿನ ಕುದುರೆ ಹೆಸರಿಲ್ಲದ ಪ್ರಾಣಿಯೇನಲ್ಲ. ಭೀಮಾ ನದಿಯ ಸೀಮೆಯಿಂದ ಹೆಸರು ಪಡೆದ ಭೀಮಥಡಿ ಕುದುರೆ ಮರಾಠರ ದಂಡಿನಲ್ಲಿ ದೂರ ದೂರ ನಡೆದ ತಳಿ. ಎತ್ತರ ಕಡಿಮೆ, ಮೈ ಹಗುರ, ಗೊರಸು ಗಟ್ಟಿ, ಒಣ ಮೇವಿನಲ್ಲೇ ಬದುಕುವ ತಾಳಿಕೆ. ಇಂಥ ಕುದುರೆಯೊಂದನ್ನು ಹೊಸದಾಗಿ ಕೊಂಡು ತಂದರೆ, ಜೀನಿಲ್ಲದೆ ದೂರದ ದಾರಿಗೆ ಅದನ್ನು ಹೇಗೆ ಪಳಗಿಸಬೇಕು ಎಂಬುದೇ ಇವತ್ತಿನ ಮಾತು.

ಮೊದಲೇ ಒಂದು ಎಚ್ಚರಿಕೆ. ಸಂತೆಯಿಂದ ಕುದುರೆ ಬರುತ್ತದೆ. ಮನೆಯವರೆಲ್ಲ ಸಂಭ್ರಮಪಡುತ್ತಾರೆ. ಮೂರನೇ ದಿನವೇ ಮನೆಯ ಹುಡುಗ ಅದರ ಮೇಲೆ ಹಾರಿ ಕೂತು ಬೀಗರ ಊರಿಗೆ ಹೋಗಿಬರುತ್ತಾನೆ. ಹೋಗಲು ಹದಿನೈದು ಕಿಲೋಮೀಟರು, ಬರಲು ಹದಿನೈದು. ಕುದುರೆ ಓಡುತ್ತದೆ, ದೂರು ಹೇಳುವುದಿಲ್ಲ. ಮರುದಿನ ಬೆಳಿಗ್ಗೆ ಬೆನ್ನ ಮೇಲೆ ಅಂಗೈಯಗಲ ಬಾವು. ವಾರದಲ್ಲಿ ಅದು ಹುಣ್ಣು. ತಿಂಗಳಾದರೂ ಯಾರೂ ಹತ್ತುವಂತಿಲ್ಲ, ಹೊರೆ ಹೇರುವಂತಿಲ್ಲ. ಹುಣ್ಣು ಮಾಯ್ದ ಮೇಲೂ ಕುದುರೆ ಮನುಷ್ಯನನ್ನು ಕಂಡರೆ ಕಿವಿ ಹಿಂದಕ್ಕೆ ಹಾಕುತ್ತದೆ. ಸಾಲ ಮಾಡಿ ತಂದ ಪ್ರಾಣಿ ಒಂದೇ ದಿನದ ಆತುರಕ್ಕೆ ಹೀಗೆ ಕೆಡುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೀಗೇಕಾಗುತ್ತದೆ? ತಲೆಯ ಮೇಲೆ ಕೊಡ ಹೊರುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಂಬೆ ಇಟ್ಟು ಕೊಡ ಹೊತ್ತರೆ ಭಾರ ಸುತ್ತ ಹರಡುತ್ತದೆ. ಸಿಂಬೆ ಇಲ್ಲದೆ ಹೊತ್ತರೆ ಅಷ್ಟೇ ಭಾರ ಒಂದೇ ಕಡೆ ಒತ್ತಿ ತಲೆ ಸಿಡಿಯುತ್ತದೆ. ಒಳ್ಳೆಯ ಜೀನಿನ ಕೆಲಸವೂ ಸಿಂಬೆಯ ಕೆಲಸವೇ. ಸವಾರನ ಭಾರವನ್ನು ಅದು ಬೆನ್ನೆಲುಬಿನ ಎರಡೂ ಮಗ್ಗುಲಿನ ಮಾಂಸಖಂಡದ ಮೇಲೆ ಹರಡುತ್ತದೆ. ಜೀನಿಲ್ಲದೆ ಕೂತಾಗ ಸವಾರನ ಎರಡು ಕುಂಡೆಯ ಎಲುಬುಗಳು ಕುದುರೆಯ ಬೆನ್ನಿನ ಎರಡು ಚಿಕ್ಕ ಜಾಗಗಳನ್ನೇ ಹೊತ್ತು ಹೊತ್ತಿಗೂ ಒತ್ತುತ್ತವೆ. ಬೆನ್ನ ಮೇಲೆ ಬೀಳುವ ಒತ್ತಡವನ್ನು ಯಂತ್ರವಿಟ್ಟು ಅಳೆದು ನೋಡಿದವರೂ ಇದನ್ನೇ ಕಂಡಿದ್ದಾರೆ. ಹತ್ತು ಹದಿನೈದು ನಿಮಿಷಕ್ಕೆ ಇದರಿಂದ ತೊಂದರೆಯಿಲ್ಲ. ಎರಡು ಮೂರು ತಾಸಿನ ದಾರಿಯಲ್ಲಿ ಆ ಜಾಗದ ರಕ್ತ ಸಂಚಾರ ಕುಂದಿ ಬಾವು ಏಳುತ್ತದೆ. ಆದ್ದರಿಂದ ಬರಿಬೆನ್ನಿನ ಸವಾರಿಯಲ್ಲಿ ದಾರಿ ಎಷ್ಟು ಎಂಬುದನ್ನು ಕುದುರೆಯ ಕಾಲು ನಿರ್ಣಯಿಸುವುದಿಲ್ಲ, ಅದರ ಬೆನ್ನು ನಿರ್ಣಯಿಸುತ್ತದೆ. ಈ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿರಿ.

ಈಗ ಕೊಳ್ಳುವ ಮಾತಿಗೆ ಬರೋಣ. ನೆರೆಯ ನಾಂದೇಡ ಜಿಲ್ಲೆಯ ಮಾಳೇಗಾವದ ಖಂಡೋಬಾ ಜಾತ್ರೆ ಕುದುರೆ ವ್ಯಾಪಾರಕ್ಕೆ ಹೆಸರಾದದ್ದು. ಅಲ್ಲಿಂದಲೇ ತನ್ನಿರಿ, ಪಕ್ಕದ ಊರಿನಿಂದಲೇ ತನ್ನಿರಿ, ಮೊದಲು ಹಲ್ಲು ನೋಡಿರಿ. ಎತ್ತಿನ ಹಲ್ಲು ನೋಡಿ ಬಲ್ಲವರು ನೀವು. ಎತ್ತಿಗೆ ಮೇಲ್ದವಡೆಯಲ್ಲಿ ಮುಂಬಲ್ಲಿಲ್ಲ. ಕುದುರೆಗೆ ಮೇಲೂ ಕೆಳಗೂ ಆರಾರು ಮುಂಬಲ್ಲುಗಳು. ಸುಮಾರು ಎರಡೂವರೆ ವರ್ಷಕ್ಕೆ ನಡುವಿನ ಜೋಡಿ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರುತ್ತದೆ. ಮೂರೂವರೆಗೆ ಅದರ ಪಕ್ಕದ ಜೋಡಿ. ನಾಲ್ಕೂವರೆಗೆ ಮೂಲೆಯ ಜೋಡಿ. ಐದು ವರ್ಷಕ್ಕೆ ಬಾಯಿ ತುಂಬುತ್ತದೆ. ಬೆನ್ನೆಲುಬಿನ ಗೆಣ್ಣುಗಳು ಪೂರ್ತಿ ಗಟ್ಟಿಯಾಗುವುದು ಐದಾರು ವರ್ಷಕ್ಕೆ. ಆದ್ದರಿಂದ ನಾಲ್ಕು ವರ್ಷದೊಳಗಿನದಕ್ಕೆ ಪಾಠ ಕಲಿಸಿರಿ, ಆದರೆ ದೂರ ಒಯ್ಯಬೇಡಿರಿ. ಬಾಯಿ ತುಂಬಿದ ಕುದುರೆಯೇ ದಾರಿಗೆ ಲೇಸು.

ಹಲ್ಲು ನೋಡಿದ ಮೇಲೆ ಬೆನ್ನು ನೋಡಿರಿ. ಕಪ್ಪು, ಕಂದು ಕುದುರೆಯ ಬೆನ್ನ ಮೇಲೆ ಅಲ್ಲಲ್ಲಿ ಬಿಳಿ ಕೂದಲಿನ ಮಚ್ಚೆ ಇದ್ದರೆ ಅದು ಹುಟ್ಟು ಗುರುತಲ್ಲದೆ ಹಳೆಯ ಹುಣ್ಣಿನ ಗುರುತೂ ಆಗಿರಬಹುದು. ಬೆನ್ನೆಲುಬು ಕತ್ತಿಯಂತೆ ಮೇಲೆದ್ದ ಬಡಕಲು ಕುದುರೆಯ ಮೇಲೆ ಬರಿಬೆನ್ನ ಸವಾರಿ ಇಬ್ಬರಿಗೂ ಶಿಕ್ಷೆ. ಬೆನ್ನು ಸ್ವಲ್ಪ ಅಗಲವಾಗಿ, ಎಲುಬಿನ ಎರಡೂ ಕಡೆ ಮಾಂಸ ತುಂಬಿರಬೇಕು. ಮೂಗು ಸೋರುವ, ಗದ್ದದ ಕೆಳಗೆ ಗಂಟು ಕಟ್ಟಿದ, ಕಾಲಿನ ಚರ್ಮದ ಮೇಲೆ ಹುಣ್ಣಿನ ಸಾಲು ಕಾಣುವ ಕುದುರೆಯ ಹತ್ತಿರ ಹೋಗಬೇಡಿರಿ. ಗ್ಲ್ಯಾಂಡರ್ಸ್ ಎಂಬ ರೋಗ ಕುದುರೆಯಿಂದ ಮನುಷ್ಯರಿಗೂ ಅಂಟುವಂಥದ್ದು, ಪ್ರಾಣಕ್ಕೇ ಮುಳುವಾಗುವಂಥದ್ದು. ಕೊಳ್ಳುವ ಮುಂಚೆ ಸರಕಾರಿ ಪಶುವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸಿರಿ. ಮನೆಗೆ ತಂದ ಮೇಲೆ ಧನುರ್ವಾಯುವಿನ ಚುಚ್ಚುಮದ್ದನ್ನೂ ಹಾಕಿಸಿರಿ. ಗೊರಸಿಗೆ ಚುಚ್ಚಿದ ಒಂದು ಮೊಳೆ ಸಾಕು, ಕುದುರೆಗೆ ಧನುರ್ವಾಯು ಬೇಗ ಹತ್ತುತ್ತದೆ.

ಇನ್ನು ಯಾರು ಹತ್ತಬೇಕು, ಎಷ್ಟು ಭಾರ ಹೊರಿಸಬೇಕು? ಇದನ್ನು ಊಹೆಗೆ ಬಿಡಬೇಡಿರಿ. ದರ್ಜಿಯವರ ಹತ್ತಿರದ ಅಳತೆ ಪಟ್ಟಿ ತನ್ನಿರಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆಯಿರಿ. ಎದೆಯ ಮುಂದಿನ ಭುಜದ ಮೊನೆಯಿಂದ ಹಿಂದೆ ಕುಂಡೆಯ ಮೊನೆಯವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿರಿ. ಬಂದ ಅಂಕಿಯೇ ಕುದುರೆಯ ಅಂದಾಜು ತೂಕ, ಕಿಲೋದಲ್ಲಿ. ಸುತ್ತಳತೆ 145, ಉದ್ದ 140 ಇದ್ದರೆ ತೂಕ ಸುಮಾರು 248 ಕಿಲೋ. ಶಾಲೆಗೆ ಹೋಗುವ ನಿಮ್ಮ ಮಕ್ಕಳು ಈ ಲೆಕ್ಕವನ್ನು ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಈ ತೂಕದ ಐದರಲ್ಲಿ ಒಂದು ಪಾಲು, ಅಂದರೆ ಈ ಕುದುರೆಗೆ 50 ಕಿಲೋ, ಮೇಲಿನ ಮಿತಿ. ಸವಾರ, ಕಂಬಳಿ, ಬುತ್ತಿ, ನೀರಿನ ಬಾಟಲಿ ಎಲ್ಲ ಸೇರಿಯೇ ಈ 50. ಬರಿಬೆನ್ನಿನ ದೂರದ ದಾರಿಗೆ ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. 60 ಕಿಲೋ ತೂಗುವ ಆಸಾಮಿಗೆ 300 ಕಿಲೋ ಮೀರಿದ ಕುದುರೆ ಬೇಕು. “ನಮ್ಮಪ್ಪ ಎಂಬತ್ತು ಕಿಲೋ ಇದ್ದಾರು, ಇದೇ ತಟ್ಟಿನ ಮ್ಯಾಲ ಹೋಗತಿದ್ರು” ಅನ್ನುವವರಿದ್ದಾರೆ. ಹೋಗುತ್ತಿದ್ದದ್ದು ನಿಜವಿರಬಹುದು, ಕುದುರೆ ಎಷ್ಟು ವರ್ಷ ಬಾಳಿತು ಎಂಬುದನ್ನೂ ಕೇಳಬೇಕಲ್ಲವೇ?

ಕುದುರೆ ಮನೆಗೆ ಬಂತು. ಮೊದಲ ಎರಡು ವಾರ ಯಾರೂ ಹತ್ತಬಾರದು. ಈ ಎರಡು ವಾರ ನೆಲದ ಮೇಲಿನ ಪಾಠ. ಹೊಸ ಜಾಗ, ಹೊಸ ನೀರು, ಹೊಸ ಮೇವು, ಕುದುರೆಗೆ ಎಲ್ಲವೂ ಹೊಸದು. ಹಳೆಯ ಯಜಮಾನ ಏನು ತಿನ್ನಿಸುತ್ತಿದ್ದ ಎಂದು ಕೇಳಿ ತಿಳಿದು, ಅದನ್ನೇ ಕೊಡುತ್ತ, ಏಳರಿಂದ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ನಿಮ್ಮ ಮನೆಯ ಮೇವಿಗೆ ತನ್ನಿರಿ. ಒಮ್ಮೆಲೇ ಬದಲಿಸಿದರೆ ಹೊಟ್ಟೆನೋವು ಹಿಡಿಯುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಗೆ ಹೋದದ್ದು ಹಿಂದಕ್ಕೆ ಬರದು. ಅದಕ್ಕೇ ಕುದುರೆಯ ಹೊಟ್ಟೆನೋವು ಜೀವಕ್ಕೆ ಅಪಾಯ.

ಈ ದಿನಗಳಲ್ಲಿ ದಿನಕ್ಕೆ ಎರಡು ಸಲ, ಇಪ್ಪತ್ತು ನಿಮಿಷದಂತೆ, ಹಗ್ಗ ಹಿಡಿದು ಕುದುರೆಯ ಪಕ್ಕದಲ್ಲಿ ನಡೆಯಿರಿ. ಹಗ್ಗವನ್ನು ಕೈಗೆ ಎಂದೂ ಸುತ್ತಿಕೊಳ್ಳಬೇಡಿರಿ. ಕುದುರೆ ಬೆದರಿ ಓಡಿದರೆ ಬೆರಳೂ ಹೋದೀತು, ಜೀವವೂ ಹೋದೀತು. ನಿಲ್ಲುವುದಕ್ಕೆ ಒಂದು ಮಾತು, ನಡೆಯುವುದಕ್ಕೆ ಒಂದು ಮಾತು ಎಂದು ಗೊತ್ತುಮಾಡಿರಿ. ಮಾತು ಯಾವುದಾದರೂ ಸರಿ, ಮನೆಯವರೆಲ್ಲ ಅದೇ ಮಾತು ಆಡಬೇಕು. ಅಪ್ಪ “ಹೋ” ಎಂದು ನಿಲ್ಲಿಸಿ, ಮಗ “ಹೋ” ಎಂದು ಓಡಿಸಿದರೆ ಕುದುರೆ ಯಾರ ಮಾತು ಕೇಳಬೇಕು? ಮಾತು ಕೇಳಿದ ಕೂಡಲೇ ಹಗ್ಗ ಸಡಿಲು ಬಿಡಿರಿ, ಕೊರಳು ಸವರಿರಿ. ಕುದುರೆ ಕಲಿಯುವುದು ಬಾರುಕೋಲಿನಿಂದಲ್ಲ, ಸರಿಯಾಗಿ ಮಾಡಿದ ಕ್ಷಣದಲ್ಲಿ ಸಿಗುವ ಈ ಬಿಡುವಿನಿಂದ.

ತಾಯಂದಿರೇ, ಈ ಕೆಲಸದಲ್ಲಿ ನಿಮ್ಮ ಪಾಲು ದೊಡ್ಡದು. ದಿನಾ ಮೇವು ನೀರು ಕೊಡುವ ಕೈಯನ್ನು ಕುದುರೆ ಬೇಗ ಗುರುತಿಸುತ್ತದೆ. ಆ ಕೈಯೇ ಬೆನ್ನು, ಹೊಟ್ಟೆ, ಕಾಲು ಎಲ್ಲವನ್ನೂ ಮೆಲ್ಲಗೆ ಮುಟ್ಟುತ್ತ ಬಂದರೆ ಅರ್ಧ ಪಾಠ ಮುಗಿದಂತೆ. ಖಾಲಿ ಗೋಣಿಚೀಲ, ಸೀರೆಯ ಸೆರಗು, ಕೊಡದ ಸಪ್ಪಳ, ಇವಕ್ಕೆಲ್ಲ ಅದು ಬೆದರದಂತೆ ರೂಢಿಯಾಗಲಿ. ನಾಲ್ಕೂ ಕಾಲು ಒಂದೊಂದಾಗಿ ಎತ್ತಿ ಗೊರಸು ನೋಡುವ ರೂಢಿಯನ್ನೂ ಈಗಲೇ ಮಾಡಿಸಿರಿ. ಹಿಂದಿನಿಂದ ಸದ್ದಿಲ್ಲದೆ ಹತ್ತಿರ ಹೋಗಬೇಡಿರಿ. ಮಾತಾಡಿಸುತ್ತ, ಭುಜದ ಕಡೆಯಿಂದ ಹೋಗಿರಿ.

ಮೂರನೇ ವಾರಕ್ಕೆ ಹತ್ತುವ ಪಾಠ. ರಿಕಾಪು ಇಲ್ಲ, ಆದ್ದರಿಂದ ನೆಲದಿಂದ ಹಾರಿ ಹತ್ತುವುದು ಹುಡುಗರಿಗೆ ಹೆಮ್ಮೆ. ಆ ಹೆಮ್ಮೆ ಬೇಡ. ಹಾರಿ ದೊಪ್ಪನೆ ಕೂತರೆ ಬೆನ್ನಿಗೆ ಪೆಟ್ಟು, ಜೂಲು ಹಿಡಿದು ಜೋತಾಡಿದರೆ ಹೆಗಲಿಗೆ ಎಳೆತ. ಹೊಲದ ಬದುವೋ, ಮನೆಯ ಮುಂದಿನ ಕಟ್ಟೆಯೋ ನೋಡಿ ಕುದುರೆಯನ್ನು ಅದರ ಪಕ್ಕಕ್ಕೆ ನಿಲ್ಲಿಸಿರಿ. ಒಬ್ಬರು ಮುಂದೆ ಹಿಡಿದಿರಲಿ. ಮೊದಲ ದಿನ ಬರಿ ಕೈಯೂರಿ ಭಾರ ಹಾಕಿರಿ. ಮರುದಿನ ಹೊಟ್ಟೆಯನ್ನು ಬೆನ್ನಿಗೆ ಅಡ್ಡ ಒರಗಿಸಿ, ಇಳಿಯಿರಿ. ಮೂರನೇ ದಿನ ಮೆಲ್ಲಗೆ ಕಾಲು ದಾಟಿಸಿ ಎರಡು ನಿಮಿಷ ಕೂತು ಇಳಿಯಿರಿ. ನಾಲ್ಕನೇ ವಾರ ಮುಗಿಯುವ ಹೊತ್ತಿಗೆ ಹದಿನೈದು ನಿಮಿಷದ ನಡಿಗೆ ಸಾಕು. ತಲೆಗೆ ಗಟ್ಟಿ ಹೆಲ್ಮೆಟ್ ಹಾಕಿಯೇ ಹತ್ತಿರಿ. ಹಳ್ಳಿಯ ದಾರಿಯ ಕಲ್ಲಿಗೆ ಸವಾರನ ಅನುಭವ ತಿಳಿಯುವುದಿಲ್ಲ.

ಕೂರುವ ಜಾಗ ಮುಖ್ಯ. ಹೆಗಲಿನ ಉಬ್ಬು ಮುಗಿದ ಕೂಡಲೇ ಬೆನ್ನು ಸ್ವಲ್ಪ ತಗ್ಗುತ್ತದಲ್ಲ, ಅಲ್ಲಿ ಕೂರಬೇಕು. ಹಿಂದೆ ಸರಿದು ಸೊಂಟದ ಮೇಲೆ ಕೂರಬಾರದು. ಅಲ್ಲಿ ಕೆಳಗೆ ಪಕ್ಕೆಲುಬಿನ ಆಸರೆ ಇಲ್ಲ. ಮೈ ನೆಟ್ಟಗಿರಲಿ, ಕಾಲು ಸಡಿಲಾಗಿ ಇಳಿಬಿದ್ದಿರಲಿ. ಬೀಳುವ ಹೆದರಿಕೆಗೆ ಹಿಮ್ಮಡಿಯಿಂದ ಹೊಟ್ಟೆ ಒತ್ತಿದರೆ ಕುದುರೆ ಅದನ್ನು ಓಡು ಎಂಬ ಸನ್ನೆ ಎಂದು ತಿಳಿಯುತ್ತದೆ. ತೋಲ ತಪ್ಪಿದಾಗ ಹಿಡಿಯಬೇಕಾದ್ದು ಜೂಲನ್ನು, ಲಗಾಮನ್ನಲ್ಲ. ಲಗಾಮು ಹಿಡಿದು ಜೋತರೆ ಕಡಿವಾಣ ಬಾಯಿ ಕೊಯ್ಯುತ್ತದೆ. ಇಬ್ಬಿಬ್ಬರು ಕೂರುವ ಮಾತಂತೂ ಬೇಡವೇ ಬೇಡ.

ಬೆನ್ನಿಗೆ ಏನನ್ನಾದರೂ ಹಾಸಬೇಕೇ? ಹಾಸಬೇಕು. ನಮ್ಮ ಕುರಿ ಉಣ್ಣೆಯ ಕಂಬಳಿಗಿಂತ ಒಳ್ಳೆಯದು ಯಾವುದಿದೆ? ಉಣ್ಣೆ ಬೆವರು ಹೀರುತ್ತದೆ, ಬೇಗ ಜಾರುವುದಿಲ್ಲ. ನಾಲ್ಕು ಮಡಿಕೆ ಮಾಡಿ, ಒಂದು ಸುಕ್ಕೂ ಇಲ್ಲದಂತೆ, ಒಂದು ಕಡ್ಡಿಯೂ ಅಂಟಿರದಂತೆ ಕೊಡವಿ ಹಾಸಿರಿ. ಕೂದಲು ಮಲಗಿದ ಕಡೆಗೇ ಹಿಂದಕ್ಕೆ ಎಳೆದು ಕೂರಿಸಿರಿ. ಹೆಗಲಿನ ಉಬ್ಬಿನ ಮೇಲೆ ಬಿಗಿಯಾಗದಂತೆ ಕೈಬೆರಳು ತೂರುವಷ್ಟು ಸಡಿಲವಿರಲಿ. ಕೈಲಾದವರು ಹಳೆಯ ಕಂಬಳಿಯ ಎರಡು ಸುರುಳಿಗಳನ್ನು ಬೆನ್ನೆಲುಬಿನ ಎಡಕ್ಕೊಂದು ಬಲಕ್ಕೊಂದು ಬರುವಂತೆ ಅಡಿಗೆ ಹೊಲಿದುಕೊಂಡರೆ ಎಲುಬಿನ ಮೇಲೆ ಭಾರ ಬೀಳುವುದು ಕಡಿಮೆಯಾಗುತ್ತದೆ. ಕುದುರೆಯ ಸಿಂಬೆ ಎಂದೇ ತಿಳಿಯಿರಿ. ಕಟ್ಟಲು ಅಂಗೈಯಗಲದ ಪಟ್ಟಿ ಬೇಕು, ತೆಳ್ಳಗಿನ ಹಗ್ಗ ಹೊಟ್ಟೆಯ ಚರ್ಮ ಕೊಯ್ಯುತ್ತದೆ.

ಈಗ ದಾರಿಯ ಲೆಕ್ಕ. ಐದನೇ ವಾರದಿಂದ ಎಂಟನೇ ವಾರದವರೆಗೆ ವಾರಕ್ಕೆ ನಾಲ್ಕು ದಿನ, ಬರಿ ನಡಿಗೆ. ಎರಡು ಕಿಲೋಮೀಟರಿನಿಂದ ಆರಂಭಿಸಿ ಐದಕ್ಕೆ ತನ್ನಿರಿ. ಒಂಬತ್ತರಿಂದ ಹನ್ನೆರಡನೇ ವಾರದವರೆಗೆ ಆರರಿಂದ ಹತ್ತು ಕಿಲೋಮೀಟರು. ನಡುವೆ ಮೆತ್ತನೆ ಮಣ್ಣು ಸಿಕ್ಕಲ್ಲಿ ಎರಡು ಮೂರು ನಿಮಿಷ ದುಡುಕಿ ಓಟ. ನಾಲ್ಕನೇ ತಿಂಗಳಿನಿಂದ ವಾರಕ್ಕೆ ಒಂದೇ ದಿನ ಉದ್ದದ ದಾರಿ, ಹನ್ನೆರಡರಿಂದ ಮೆಲ್ಲಗೆ ಏರಿಸಿ ಆರನೇ ತಿಂಗಳಿಗೆ ಇಪ್ಪತ್ತು. ಉಳಿದ ದಿನ ಚಿಕ್ಕ ದಾರಿ. ಒಂದು ದಿನ ಪೂರ್ತಿ ಬಿಡುವು. ದೂರ ಹೆಚ್ಚಿಸಿದ ವಾರ ವೇಗ ಹೆಚ್ಚಿಸಬೇಡಿರಿ, ವೇಗ ಹೆಚ್ಚಿಸಿದ ವಾರ ದೂರ ಹೆಚ್ಚಿಸಬೇಡಿರಿ.

“ಆರು ತಿಂಗಳೇ? ನಮ್ಮ ಕುದುರಿ ಎರಡ ತಿಂಗಳಿಗೇ ಗಾಳಿ ಹಂಗ ಓಡತೈತಿ” ಅನ್ನಬಹುದು. ಓಡುತ್ತದೆ. ಯಾಕಂದ್ರ, ಉಸಿರು ಮತ್ತು ಮಾಂಸಖಂಡ ಬೇಗ ಪಳಗುತ್ತವೆ. ಕಾಲಿನ ಹಿಂಬದಿಯಲ್ಲಿ ಹುರಿಹಗ್ಗದಂತೆ ಕೈಗೆ ಸಿಗುವ ನರ ಪಳಗಲು ಅದಕ್ಕಿಂತ ಬಹಳ ಹೆಚ್ಚು ತಿಂಗಳು ಬೇಕು. ಎಲುಬು ಗಟ್ಟಿಯಾಗಲು ಇನ್ನೂ ಹೆಚ್ಚು. ಕುದುರೆಗೆ ಹುಮ್ಮಸ್ಸು ಬಂದಿದೆ, ಕಾಲಿಗೆ ಬಲ ಬಂದಿಲ್ಲ ಎನ್ನುವ ಈ ಎರಡು ಮೂರು ತಿಂಗಳೇ ಕುಂಟು ಬೀಳುವ ಕಾಲ. ಆದ್ದರಿಂದ ಇಲ್ಲಿ ತಾಳ್ಮೆ ಬೇಕು. ತಾಳಿದವನು ಬಾಳಿಯಾನು ಎಂಬುದು ಕುದುರೆಗೂ ಸವಾರನಿಗೂ ಹೊಂದುವ ಮಾತು.

ದೂರದ ದಾರಿಯಲ್ಲಿ ನಡಿಗೆಯೇ ಬಂಡವಾಳ. ಚುರುಕು ನಡಿಗೆಯಲ್ಲಿ ತಟ್ಟು ತಾಸಿಗೆ ಐದಾರು ಕಿಲೋಮೀಟರು ಹೋಗುತ್ತದೆ. ದುಡುಕಿ ಓಟದಲ್ಲಿ ಜೀನಿಲ್ಲದ ಸವಾರ ಪ್ರತಿ ಹೆಜ್ಜೆಗೂ ಎದ್ದು ಕುಕ್ಕರಿಸುತ್ತಾನೆ, ಒನಕೆಯಿಂದ ಕುಟ್ಟಿದ ಹಾಗೆ. ಅದಕ್ಕೇ ಅದನ್ನು ಚಿಕ್ಕ ಚಿಕ್ಕ ತುಂಡಾಗಿ ಮಾತ್ರ ಮಾಡಬೇಕು. ಕೆಲವು ದೇಶಿ ಕುದುರೆಗಳಿಗೆ ರೇವಾಲ್ ಎಂಬ ಮೈ ಕುಲುಕದ ಚುರುಕು ನಡೆ ಹುಟ್ಟಿನಿಂದಲೇ ಬಂದಿರುತ್ತದೆ. ಮಾರವಾಡಿ, ಕಾಠಿಯಾವಾಡಿ ತಳಿಗಳು ಅದಕ್ಕೆ ಹೆಸರಾದವು. ಅಂಥದ್ದು ಸಿಕ್ಕರೆ ಬರಿಬೆನ್ನಿನ ಸವಾರನಿಗೆ ಭಾಗ್ಯ. ನಾಗಾಲೋಟ ಜಾತ್ರೆಯ ಪಂದ್ಯಕ್ಕಿರಲಿ, ದಾರಿಗೆ ಬೇಡ.

ಪ್ರತಿ ಅರ್ಧ ತಾಸಿಗೊಮ್ಮೆ ಇಳಿದು ಹತ್ತು ನಿಮಿಷ ಕುದುರೆಯ ಜೊತೆ ನಡೆಯಿರಿ. ಇದು ಬರಿಬೆನ್ನಿನ ಸವಾರಿಯ ದೊಡ್ಡ ಗುಟ್ಟು. ಒತ್ತಿದ ಜಾಗಕ್ಕೆ ಮತ್ತೆ ರಕ್ತ ಹರಿಯುತ್ತದೆ, ನಿಮ್ಮ ಕಾಲೂ ಸಡಿಲಾಗುತ್ತದೆ. ಇಳಿಜಾರು ಬಂದಾಗಲೂ ಇಳಿದುಬಿಡಿರಿ. ಡಾಂಬರು ರಸ್ತೆಯಲ್ಲಿ ಹೋಗಲೇಬೇಕಾದರೆ ಕತ್ತಲಾದ ಮೇಲೆ ಬೇಡ. ಬೆಳಗಿನ ತಂಪಿನಲ್ಲಿ, ಬಣ್ಣ ಎದ್ದು ಕಾಣುವ ಬಟ್ಟೆ ಹಾಕಿ ಹೋಗಿರಿ. ಲಾರಿಯ ಹಾರ್ನಿಗೆ ಕುದುರೆ ರೂಢಿಯಾಗುವವರೆಗೆ ಹುಡುಗರನ್ನು ಒಂಟಿಯಾಗಿ ಕಳಿಸಬೇಡಿರಿ.

ದಣಿವನ್ನು ಅಳೆಯುವುದು ಹೇಗೆ? ಕೆಳದವಡೆಯ ಎಲುಬಿನ ಒಳ ಅಂಚಿನಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಆರಾಮವಾಗಿ ನಿಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ದಾರಿ ನಡೆದು ನಿಂತು ಹದಿನೈದು ನಿಮಿಷವಾದ ಮೇಲೆ ಹದಿನೈದು ಸೆಕೆಂಡು ಎಣಿಸಿರಿ. 16 ಅಥವಾ ಅದಕ್ಕಿಂತ ಕಡಿಮೆ ಬಂದರೆ, ಅಂದರೆ ನಿಮಿಷಕ್ಕೆ 64ರೊಳಗೆ, ಕುದುರೆ ಸುಧಾರಿಸಿಕೊಂಡಿದೆ. ಅದಕ್ಕಿಂತ ಹೆಚ್ಚಿದ್ದರೆ ಇವತ್ತಿನ ದಾರಿ ಹೆಚ್ಚಾಯಿತು, ಹತ್ತಬೇಡಿರಿ, ಮನೆಗೆ ನಡೆಸಿಕೊಂಡು ಬನ್ನಿರಿ. ಕೊರಳಿನ ಚರ್ಮ ಚಿವುಟಿ ಬಿಟ್ಟರೆ ಕೂಡಲೇ ಮಟ್ಟಸವಾಗಬೇಕು. ಗುಡ್ಡೆಯಾಗಿ ನಿಂತರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ.

ನೀರಿನ ವಿಷಯದಲ್ಲಿ ಒಂದು ಹಳೆಯ ನಂಬಿಕೆ ಇದೆ, ಬೆವತ ಕುದುರೆಗೆ ನೀರು ಕುಡಿಸಬಾರದು ಎಂದು. ಇದು ಸರಿಯಲ್ಲ. ದೂರ ನಡೆಯುವ ಕುದುರೆಗೆ ದಾರಿಯಲ್ಲಿ ನೀರು ಕಂಡಲ್ಲೆಲ್ಲ ಕುಡಿಯಲು ಬಿಡಬೇಕು, ಕುಡಿದ ಮೇಲೆ ಮೆಲ್ಲಗೆ ನಡೆಸಬೇಕು. ಬಿಸಿಲಲ್ಲಿ ದುಡಿದ ದಿನ ತಟ್ಟು ಕೂಡ 30 ಲೀಟರಿಗೂ ಮೀರಿ ಕುಡಿಯಬಹುದು. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ದಿನಕ್ಕೆ 25 ಗ್ರಾಂನಷ್ಟು ಅಡುಗೆ ಉಪ್ಪನ್ನು ಚಂದಿಯಲ್ಲಿ ಬೆರೆಸಿರಿ.

ಮೇವಿನ ಮಾತು. 250 ಕಿಲೋ ಕುದುರೆಗೆ ದಿನಕ್ಕೆ ಸುಮಾರು 5 ಕಿಲೋ ಒಣ ಹುಲ್ಲು, ಕಣಿಕೆ ಬೇಕು. ಹೊಟ್ಟೆ ತುಂಬಬೇಕಾದ್ದು ಹುಲ್ಲಿನಿಂದ, ಕಾಳಿನಿಂದಲ್ಲ. ನೆನೆಸಿದ ಅಥವಾ ಬೇಯಿಸಿದ ಹುರುಳಿಯನ್ನು ಅರ್ಧ ಕಿಲೋದಿಂದ ಆರಂಭಿಸಿ, ದುಡಿಮೆ ಹೆಚ್ಚಿದಂತೆ ಹೆಚ್ಚಿಸಿ, ಎರಡು ಹೊತ್ತಿಗೆ ಹಂಚಿ ಕೊಡಿರಿ. ಕಾಳು ತಿಂದು ಒಂದು ತಾಸು ಕಳೆಯದೆ ಹತ್ತಬೇಡಿರಿ. ಹಸಿ ಜೋಳ, ಅದರಲ್ಲೂ ಎಳೆ ಪೈರು ಮತ್ತು ಕೂಳೆ ಚಿಗುರು, ಕುದುರೆಗೆ ಬೇಡ. ಅದರಲ್ಲಿ ವಿಷವಿರುತ್ತದೆ. ಕೋಳಿ ಆಹಾರ, ದನಕ್ಕೆಂದು ಮಾಡಿದ ಮಿಶ್ರಣ ಇವುಗಳಲ್ಲಿ ಕೆಲವಕ್ಕೆ ಮೊನೆನ್ಸಿನ್ ಎಂಬ ಔಷಧ ಸೇರಿಸಿರುತ್ತಾರೆ. ದನಕ್ಕೆ ಅದು ಸರಿ. ಕುದುರೆಗೆ ಸ್ವಲ್ಪವೇ ಸಾಕು, ಗುಂಡಿಗೆ ನಿಲ್ಲಿಸುತ್ತದೆ. ದನದ ಗೋದಲಿಯಲ್ಲಿ ಉಳಿದದ್ದನ್ನು ಕುದುರೆಯ ಮುಂದೆ ಸುರಿಯುವ ರೂಢಿ ಇದ್ದರೆ ಇವತ್ತೇ ಬಿಡಿರಿ.

ಇನ್ನೊಂದು ಮಾತು. ಬಿಡುವಿನ ದಿನ ಕಾಳನ್ನು ಅರ್ಧ ಇಳಿಸಿರಿ. ದುಡಿಮೆಯಿಲ್ಲದೆ ಪೂರ್ತಿ ಕಾಳು ತಿಂದ ಕುದುರೆಯನ್ನು ಮರುದಿನ ದಾರಿಗೆ ತೆಗೆದರೆ ಕುಂಡೆ ತೊಡೆಗಳ ಮಾಂಸಖಂಡ ಕಲ್ಲಿನಂತೆ ಸೆಡೆತು ಅದು ನಿಂತಲ್ಲೇ ನಿಲ್ಲಬಹುದು, ಮೂತ್ರ ಕಂದಾಗಬಹುದು. ಹಾಗಾದಾಗ ಹೊಡೆದು ನಡೆಸಬೇಡಿರಿ. ಅಲ್ಲೇ ನಿಲ್ಲಿಸಿ, ಕಂಬಳಿ ಹೊದಿಸಿ, ನೀರು ಕೊಟ್ಟು, ಪಶುವೈದ್ಯರನ್ನು ಕರೆಸಿರಿ. ಕುದುರೆ ಕಾಲು ಕೆರೆಯುತ್ತ, ಹೊಟ್ಟೆಯ ಕಡೆ ತಿರುಗಿ ನೋಡುತ್ತ, ಬಿದ್ದು ಹೊರಳುತ್ತಿದ್ದರೆ ಅದು ಹೊಟ್ಟೆನೋವು. ಮೇವು ತೆಗೆದುಬಿಡಿರಿ, ತಡಮಾಡದೆ ವೈದ್ಯರಿಗೆ ಹೇಳಿಕಳಿಸಿರಿ.

ಗೊರಸನ್ನು ಮರೆಯುವಂತಿಲ್ಲ. ಎರೆ ಮಣ್ಣಿನಲ್ಲಿ ಲಾಳವಿಲ್ಲದೆ ನಡೆದೀತು. ಗರಸು, ಡಾಂಬರಿನ ದೂರದ ದಾರಿಗೆ ಲಾಳ ಬೇಕು. ಆರು ವಾರಕ್ಕೊಮ್ಮೆ ನಾಲಬಂದರನ್ನು ಕರೆಸಿ ಗೊರಸು ಕತ್ತರಿಸಿ ಲಾಳ ಮತ್ತೆ ಕಟ್ಟಿಸಿರಿ. ಲಾಳ ಸವೆದಿಲ್ಲ ಎಂದು ಬಿಡಬೇಡಿರಿ, ಲಾಳ ಸವೆಯದಿದ್ದರೂ ಗೊರಸು ಬೆಳೆದಿರುತ್ತದೆ. ಹೊರಡುವ ಮುಂಚೆ, ಬಂದ ಮೇಲೆ, ಎರಡು ಸಲವೂ ಕಲ್ಲು ಮುಳ್ಳು ತೆಗೆಯಿರಿ.

ಕೊನೆಗೆ, ದಾರಿ ಮುಗಿದ ಮೇಲಿನ ಕೆಲಸ. ಇದೇ ಎಲ್ಲಕ್ಕಿಂತ ಮುಖ್ಯ. ಕಂಬಳಿ ತೆಗೆದ ಕೂಡಲೇ ಬೆನ್ನು ನೋಡಿರಿ. ಸುತ್ತಲೂ ಬೆವರಿದ್ದು ನಡುವೆ ಅಂಗೈಯಷ್ಟು ಜಾಗ ಒಣಗಿದ್ದರೆ, ಅಲ್ಲಿ ಒತ್ತಡ ಹೆಚ್ಚು ಬಿದ್ದಿದೆ. ಬೆನ್ನೆಲುಬಿನ ಎರಡೂ ಬದಿಗೆ ಹೆಗಲಿನಿಂದ ಸೊಂಟದವರೆಗೆ ಮೂರು ಬೆರಳಿನಿಂದ ಒತ್ತುತ್ತ ಬನ್ನಿರಿ. ಕುದುರೆ ಬೆನ್ನು ತಗ್ಗಿಸಿದರೆ, ಬಾಲ ಬೀಸಿದರೆ, ಕಿವಿ ಹಿಂದಕ್ಕೆ ಹಾಕಿದರೆ ಅಲ್ಲಿ ನೋವಿದೆ. ಮೈಗೆ ನೀರು ಹಾಕಿ ಬೆವರು ತೊಳೆಯಿರಿ, ಹುಲ್ಲಿನ ಹಿಡಿಯಿಂದ ಉಜ್ಜಿರಿ. ಬಾವು ಒಮ್ಮೊಮ್ಮೆ ಮರುದಿನ ಏಳುವುದರಿಂದ ಮರುದಿನ ಬೆಳಿಗ್ಗೆ ಮತ್ತೊಮ್ಮೆ ಬೆನ್ನು ಒತ್ತಿ ನೋಡಿರಿ. ನೋವು ಕಂಡರೆ ಅದು ಪೂರ್ತಿ ಇಳಿಯುವವರೆಗೆ ಯಾರೂ ಹತ್ತಬಾರದು, ಹೊರೆಯೂ ಹೇರಬಾರದು. ಮತ್ತೆ ಹತ್ತಿದಾಗ ಹಿಂದಿನ ದಾರಿಯ ಅರ್ಧದಿಂದ ಆರಂಭಿಸಿರಿ.

ಇಪ್ಪತ್ತು ಕಿಲೋಮೀಟರಿಗಿಂತ ದೂರ ಮೇಲಿಂದ ಮೇಲೆ ಹೋಗಬೇಕಾದ ಮನೆಯವರು ಕೈಯಲ್ಲಿ ದುಡ್ಡು ಬಂದ ವರ್ಷ ಕುದುರೆಯ ಬೆನ್ನಿಗೆ ಸರಿಯಾಗಿ ಹೊಂದುವ ಜೀನೊಂದನ್ನು ಮಾಡಿಸಿರಿ. ಬರಿಬೆನ್ನಿನಲ್ಲಿ ತೋಲ ಕಲಿತ ಸವಾರ ಜೀನಿನ ಮೇಲೂ ಚೆನ್ನಾಗಿ ಕೂರುತ್ತಾನೆ, ಕಲಿತದ್ದು ವ್ಯರ್ಥವಾಗುವುದಿಲ್ಲ.

ಬಾಂಧವರೇ, ಹೇಳಿದ್ದನ್ನೆಲ್ಲ ಒಟ್ಟು ಮಾಡಿದರೆ ಇಷ್ಟು. ಬಾಯಿ ತುಂಬಿದ ಕುದುರೆ ಕೊಳ್ಳಿರಿ. ತೂಕ ಅಳೆದು ಹತ್ತಿರಿ. ಎರಡು ವಾರ ನೆಲದ ಪಾಠ, ಆರು ತಿಂಗಳು ದಾರಿಯ ಪಾಠ. ಅರ್ಧ ತಾಸಿಗೊಮ್ಮೆ ಇಳಿಯಿರಿ. ಹೊರಡುವ ದಿನವೂ ಬಂದ ದಿನವೂ ಮರುದಿನವೂ ಬೆನ್ನು ಮುಟ್ಟಿ ನೋಡಿರಿ. ಕುದುರೆ ಬಾಯಿಂದ ಹೇಳಲಾರದು, ಅದರ ಬೆನ್ನು ಹೇಳುತ್ತದೆ. ಕೇಳುವ ಕೈ ನಿಮ್ಮದಾಗಿರಲಿ. ಹಾಗೆ ಕೇಳಿ ನಡೆಸಿದರೆ ಈ ವರ್ಷ ತಂದ ಕುದುರೆ ನಿಮ್ಮ ಮನೆಯ ಬಾಗಿಲಲ್ಲಿ ಹದಿನೈದು ವರ್ಷ ಕೆನೆಯುತ್ತದೆ.